ಹೊರೆಗಲ್ಲಿಗೊಂದು ಹೆಸರು

ಒತ್ತುವ ಮೊದಲೇ ಗುರುತು ಸಿಕ್ಕಿತ್ತೋ, ಒತ್ತಿದ ಮೇಲೆ ಸಿಕ್ಕಿತೋ ಎಂಬುದು ಬಸ್ಸು ತೊಪ್ಪೂರು ಘಾಟಿ ಹತ್ತತೊಡಗಿದರೂ ಕಮಲಿನಿಗೆ ಬಗೆಹರಿಯಲಿಲ್ಲ. ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಅದು ಕಾಯುವಷ್ಟು ಹೊತ್ತಿನ ಬಿಡುವಿನಲ್ಲಿ ಫೋನು ತೆರೆದಿದ್ದಳು. ದಿನವೂ ಮಾಡುವ ಕೆಲಸವೇ. ಯಾವ ಯಾವುದೋ ಊರಿನವರು ಕಳಿಸಿದ ಜಾಗಗಳ ಚಿತ್ರಗಳು ಒಂದಾದ ಮೇಲೊಂದು ಬರುತ್ತವೆ. ನೋಡಿ, ಕೆಳಗಿನ ಎರಡು ಸಾಲು ಓದಿ, ಇದು ಇರಲಿ, ಇದು ಬೇಡ ಎಂದು ಒತ್ತುತ್ತ ಹೋಗುವುದು. ಈರೋಡಿನ ಪಾರ್ಕೊಂದರ ಕಮಾನು, ಇರಲಿ. ನಾಮಕ್ಕಲ್ಲಿನ ಯಾವುದೋ ಬೇಕರಿಯ ಬೋರ್ಡು, ಬೇಡ. ಆಮೇಲೆ ಅದು ಬಂತು. ಎರಡು ನಿಂತ ಕಲ್ಲು, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ, ಹಿಂದೆ ಹುಣಸೆಮರದ ಅರ್ಧ. ತಲೆಯ ಮೇಲೆ ಸೌದೆಯನ್ನೋ ಹುಲ್ಲನ್ನೋ ಹೊತ್ತು ಬರುವವರು ಇನ್ನೊಬ್ಬರ ಕೈ ಬೇಡದೆ ಹೊರೆಯನ್ನು ಜಾರಿಸಿ ಇಟ್ಟು ದಣಿವಾರಿಸಿಕೊಳ್ಳಲೆಂದು ಹಿಂದಿನವರು ದಾರಿಯ ಬದಿಯಲ್ಲಿ ನಿಲ್ಲಿಸುತ್ತಿದ್ದ ಹೊರೆಗಲ್ಲು. ಚಿತ್ರದ ಮೇಲೆ ತಮಿಳಿನಲ್ಲಿ ಹೆಸರು: ಮುನಿಲಕ್ಷ್ಮಿ ಕಲ್ಲು. ಕೆಳಗೆ, ಹೊಟ್ಟೆಯಲ್ಲಿ ಮಗು ಇರುವಾಗಲೇ ತೀರಿಹೋದ ಮುನಿಲಕ್ಷ್ಮಿಯ ನೆನಪಿಗೆ ನಿಲ್ಲಿಸಿದ್ದು, ದಯವಿಟ್ಟು ಒಪ್ಪಿಕೊಳ್ಳಿ. ದಯವಿಟ್ಟು ಎಂದು ಬರೆಯುವವರೆಲ್ಲ ಹೊಸಬರು ಎಂದುಕೊಂಡದ್ದು ನೆನಪಿದೆ. ಬೇಡ ಎಂಬುದನ್ನು ಒತ್ತಿ, ಯಾಕೆ ಎಂದು ಕೇಳಿದಾಗ ‘ಖಾಸಗಿ ವ್ಯಕ್ತಿಯ ಸ್ಮಾರಕ’ ಎಂಬ ಕಾರಣವನ್ನು ಆರಿಸಿದ್ದೂ ನೆನಪಿದೆ. ಆದರೆ ಆ ಹುಣಸೆಮರವನ್ನು, ಆ ಚಪ್ಪಡಿಯ ಮುರಿದ ಮೂಲೆಯನ್ನು ಕಣ್ಣು ಯಾವಾಗ ಕಂಡಿತು? ಹೆಸರನ್ನು ಮನಸ್ಸು ಯಾವಾಗ ಓದಿತು? ಹಾಲು ಉಕ್ಕಿ ಒಲೆಯ ಮೇಲೆ ಸುರಿದಾಗ ಅವಳು ಫೋನನ್ನು ಹಿಟ್ಟಿನ ಡಬ್ಬದ ಮೇಲೆ ಕವುಚಿಟ್ಟಿದ್ದಳು. ಹಾಗೆ ಕವುಚಿಡುವ ಅಭ್ಯಾಸ ಅವಳಿಗಿರಲಿಲ್ಲ.

ಫೋನಿನ ಈ ಆಟ ಸುರುವಾದದ್ದು ನಡೆಯುವುದಕ್ಕೆಂದು. ಸಕ್ಕರೆ ಹೆಚ್ಚಾಗಿದೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ ವಾರವೇ ಗಂಡ ಸಮೀರ ಅವಳ ಫೋನಿಗೆ ಅದನ್ನು ಹಾಕಿಕೊಟ್ಟ. ನಡೆದಷ್ಟೂ ನಕ್ಷೆಯ ಮೇಲೆ ಬಣ್ಣಬಣ್ಣದ ಬಿಲ್ಲೆಗಳು ಕಾಣುತ್ತವೆ. ಒಂದೊಂದು ಬಿಲ್ಲೆಯೂ ನಿಜವಾದ ಒಂದು ಜಾಗ, ಗುಡಿ, ಗಡಿಯಾರದ ಗೋಪುರ, ಹಳೆಯ ಬಾವಿ. ಅಲ್ಲಿಗೆ ಹೋಗಿ ನಿಂತರೆ ಆಟದೊಳಗೆ ಏನೋ ಸಿಗುತ್ತದೆ. ಆ ಜಾಗಗಳನ್ನು ಸೂಚಿಸುವವರೂ ಆಡುವವರೇ, ತೂಗಿ ನೋಡಿ ಒಪ್ಪುವವರೂ ಆಡುವವರೇ. ಸೂಚಿಸಿದವರು ಯಾರೆಂದು ಒಪ್ಪುವವರಿಗೆ ಕಾಣುವುದಿಲ್ಲ, ಬೇಡವೆಂದವರು ಯಾರೆಂದು ಸೂಚಿಸಿದವರಿಗೆ ತಿಳಿಯುವುದಿಲ್ಲ. ಸಮೀರ ತಿಂಗಳೊಳಗೆ ಬಿಟ್ಟ. ಕಮಲಿನಿ ಬಿಡಲಿಲ್ಲ. ಶೇವಾಪೇಟೆಯ ತಮ್ಮ ಬೀದಿಯ ಕೊನೆಯಲ್ಲಿ ಬೇವಿನ ಕೆಳಗಿರುವ ಪಿಳ್ಳೆಯಾರನ್ನು, ಆ ಪುಟ್ಟ ಗಣಪನನ್ನು, ಅವಳು ಸೂಚಿಸಿದಾಗ, ಇಂಥವು ಎಲ್ಲೆಲ್ಲೂ ಇವೆ ಎಂದು ಯಾರೋ ತಳ್ಳಿಹಾಕಿದ್ದರು. ಅದರ ಚಿತ್ರ ತೆಗೆಯುವಾಗ ಬನಿಯನ್ನು ತೊಟ್ಟ ಒಬ್ಬ ಗಂಡಸು ಮಹಡಿಯಿಂದ ಇಳಿದು ಬಂದು, ಯಾರಮ್ಮ ನೀನು, ನಮ್ಮ ಮನೆಯನ್ನು ಯಾಕೆ ಫೋಟೋ ಹಿಡೀತಿದ್ದೀಯ ಎಂದು ಬೀದಿಗೆಲ್ಲ ಕೇಳುವಂತೆ ಕೇಳಿದ್ದ. ಅವಳು ಇದೇ ಬೀದಿಯವಳು, ಹುಟ್ಟಿದ್ದು ಇದೇ ಬೀದಿಯಲ್ಲಿ, ಅದನ್ನು ಹೇಳಲಾಗದೆ ಸಾರಿ ಸಾರಿ ಎಂದು ಬಂದಿದ್ದಳು. ಎರಡು ಸಲ, ಮೂರು ಸಲ ಹೀಗಾದ ಮೇಲೆ ನಿಯಮಗಳನ್ನೆಲ್ಲ ಕೂತು ಓದಿದಳು. ಒಪ್ಪುವವರ ಸಾಲಿಗೆ ಸೇರಿದಳು. ಅಲ್ಲಿ ಅವಳ ತೀರ್ಪು ಬಹಳಷ್ಟು ಸಲ ಉಳಿದವರ ತೀರ್ಪಿಗೆ ಸರಿಹೊಂದಿ, ಅವಳ ಹೆಸರಿನ ಪಕ್ಕದಲ್ಲಿ ‘ಉತ್ತಮ’ ಎಂಬ ಹಸಿರು ಗುರುತು ಬಂತು. ಅವಳು ಕೆಲಸ ಮಾಡುವ ಕಾಲೇಜಿನ ಲೈಬ್ರರಿಯಲ್ಲಿ ಯಾವ ಪುಸ್ತಕ ತರಿಸಬೇಕೆಂದು ಅವಳನ್ನು ಯಾರೂ ಕೇಳುವುದಿಲ್ಲ, ಯಾವ ಕಪಾಟು ಎಲ್ಲಿರಬೇಕೆಂದೂ ಕೇಳುವುದಿಲ್ಲ. ಇಲ್ಲಿ ಮಾತ್ರ ಅವಳ ಬೇಡ ಎಂಬ ಮಾತಿಗೆ ತೂಕವಿತ್ತು.

ಮುನಿಲಕ್ಷ್ಮಿ ಎಂಬ ಹೆಸರು ಆ ಕಡೆಯ ಊರುಗಳಲ್ಲಿ ಮನೆಗೊಂದು ಇರುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೊರೆಗಲ್ಲುಗಳೂ ಅಷ್ಟೇ. ಮೇಚೇರಿ ಸಂತೆಗೆ ಹೋಗುವ ದಾರಿಯಲ್ಲೇ ಎಷ್ಟೋ ಇದ್ದವು, ರಸ್ತೆ ಅಗಲ ಮಾಡುವಾಗ ಕಿತ್ತು ಚರಂಡಿಯ ಮೇಲೆ ಹಾಸಿದರು. ಪಕ್ಕದಲ್ಲಿ ಲಾರಿಗಳು ಏದುತ್ತ ಹತ್ತುತ್ತಿದ್ದವು. ಚಪ್ಪಡಿಯ ಮುರಿದ ಮೂಲೆ. ಅಮ್ಮನ ತವರಿಗೆ ಹೋದಾಗ ಆ ಮೂಲೆಗೆ ಕೈ ಕೊಟ್ಟು ಜೋತಾಡುತ್ತಿದ್ದ ತನ್ನ ಕೆನ್ನೆಗೆ ಅಮ್ಮ ಫಟೀರೆಂದು ಹೊಡೆದದ್ದು, ಹೊಡೆದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದ್ದು. ಯಾಕೆ ಹೊಡೆದಳೆಂದು ಆಗ ಯಾರೂ ಹೇಳಲಿಲ್ಲ. ಅಮ್ಮ ಸಾಯುವವರೆಗೂ ತನ್ನ ತಂಗಿ ಮುನಿಲಕ್ಷ್ಮಿಯ ಹೆಸರನ್ನು ಪೂರ್ತಿ ಹೇಳಿದ್ದನ್ನು ಕಮಲಿನಿ ಕೇಳಿರಲಿಲ್ಲ. ಅವ್ಳು ಎನ್ನುತ್ತಿದ್ದಳು, ಅವ್ಳು ಇದ್ದಿದ್ರೆ ಎನ್ನುತ್ತಿದ್ದಳು, ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಒಂದು ಫೋಟೋ ಕೂಡ ಇಲ್ಲದ ಚಿಕ್ಕಮ್ಮ. ಹಾಗಾದರೆ ಗುರುತು ಹಿಡಿಯುವುದೆಂದರೇನು? ಕಾಣದೆ ಇದ್ದವರನ್ನು ಗುರುತು ಹಿಡಿಯಲಿಲ್ಲ ಎಂದರೆ ಅದು ತಪ್ಪೇ? ನಿಯಮ ಸ್ಪಷ್ಟವಾಗಿಯೇ ಇದೆ, ಯಾರೋ ಒಬ್ಬರ ಸಾವಿನ ನೆನಪಿನ ಕಲ್ಲನ್ನು ಆಟದ ಜಾಗ ಮಾಡಕೂಡದು. ಅವಳು ನಿಯಮದಂತೆ ನಡೆದಳು. ಇಷ್ಟು ಹೇಳಿಕೊಂಡ ಮೇಲೆ ನೆಮ್ಮದಿಯಾಗಬೇಕಿತ್ತು. ಮಡಿಲಲ್ಲಿದ್ದ ಬಳೆಯ ಪೊಟ್ಟಣವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಒಳಗೆ ಒಂದು ಬಳೆ ಸಣ್ಣಗೆ ಚಿಟಿಲ್ ಎಂದಿತು.

ಬಳೆ ಸರಿತಾಳಿಗೆ. ಮುನಿಲಕ್ಷ್ಮಿ ತೀರಿಕೊಂಡ ಮೇಲೆ ಅವಳ ಗಂಡ ಸಿದ್ದಪ್ಪ ಬಹಳ ವರ್ಷ ಹಾಗೇ ಇದ್ದು, ಆಮೇಲೆ ಗಂಗಾಲಕ್ಷ್ಮಿಯನ್ನು ಕಟ್ಟಿಕೊಂಡಿದ್ದ. ಅವರಿಗೆ ತಡವಾಗಿ ಹುಟ್ಟಿದ ಒಬ್ಬಳೇ ಮಗಳು ಸರಿತಾ, ಪೆನ್ನಾಗರಂನ ಖಾಸಗಿ ಶಾಲೆಯೊಂದರಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುತ್ತಾಳೆ. ಈಗ ಏಳು ತುಂಬಿದ ಬಸುರಿ. ಈವತ್ತು ಬಳೆ ತೊಡಿಸುವ ಶಾಸ್ತ್ರ. ರಕ್ತದ ಸಂಬಂಧ ಏನೂ ಇಲ್ಲದಿದ್ದರೂ ಗಂಗಾಲಕ್ಷ್ಮಿ ಎಲ್ಲ ಕಾರ್ಯಕ್ಕೂ ಮೊದಲ ಹೆಂಡತಿಯ ಕಡೆಯವರನ್ನು ಕರೆಯುವುದನ್ನು ತಪ್ಪಿಸಿರಲಿಲ್ಲ, ಕಮಲಿನಿ ಹೋಗುವುದನ್ನು ಹೆಚ್ಚುಕಡಿಮೆ ತಪ್ಪಿಸುತ್ತಲೇ ಬಂದಿದ್ದಳು. ಈ ಸಲ ಯಾಕೆ ಹೊರಟೆ? ಫೋನಿನಲ್ಲಿ ಸರಿತಾಳೇ, ನೀವು ಬರಲೇಬೇಕು ಅಕ್ಕ, ನಿಮ್ಮಿಂದ ಒಂದು ಕೆಲಸ ಆಗಬೇಕು ಎಂದಿದ್ದಳು. ಆ ಕೆಲಸ ಏನೆಂದು ಬೆಳಿಗ್ಗೆಯವರೆಗೆ ಕಮಲಿನಿ ಯೋಚಿಸಿರಲಿಲ್ಲ. ಈಗ ಧರ್ಮಪುರಿಯಲ್ಲಿ ಬಸ್ಸು ಬದಲಿಸಿ ಪೆನ್ನಾಗರಂನ ಬಸ್ಸಿನ ಕಿಟಕಿಗೆ ತಲೆಯಾನಿಸಿದಾಗ, ಅದನ್ನು ಬಿಟ್ಟು ಬೇರೇನನ್ನೂ ಯೋಚಿಸಲಾಗಲಿಲ್ಲ.

ಸಿದ್ದಪ್ಪನ ಹಟ್ಟಿಯಲ್ಲಿ ಶಾಮಿಯಾನದ ಕೆಳಗೆ ಹೆಂಗಸರು ತುಂಬಿದ್ದರು. ಗಂಗಾಲಕ್ಷ್ಮಿ ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು. “ಬಾ ಮಗ, ಈಗ್ ಬಂದ್ಯಾ? ಸಮೀರಪ್ಪ ಬರ್ಲಿಲ್ವಾ? ಲೀವ್ ಸಿಗ್ಲಿಲ್ವಾ? ಓಗ್ಲಿ ಬುಡು, ನೀನ್ ಬಂದ್ಯಲ್ಲ, ನಿಮ್ಮವ್ವ ಬಂದಂಗೇ ಆಯ್ತು.” ಸರಿತಾ ಕುರ್ಚಿಯಲ್ಲಿ ಕೂತಿದ್ದಳು, ಕೆನ್ನೆಗೆ ಗಂಧ, ಕೈ ತುಂಬ ಹಸಿರು ಕೆಂಪು ಗಾಜು. ಕಮಲಿನಿ ಬಳೆ ತೊಡಿಸುವಾಗ ಸರಿತಾಳ ಕೈ ಊದಿಕೊಂಡಿದ್ದರಿಂದ ಬಳೆ ಗೆಣ್ಣಿನ ಹತ್ತಿರ ನಿಂತಿತು. ಪಕ್ಕದವಳು, “ಎಣ್ಣೆ ಅಚ್ಚಮ್ಮ” ಎಂದಳು. ಎಣ್ಣೆ ಹಚ್ಚಿ ಮತ್ತೆ ತಳ್ಳುವಾಗ, ಇಷ್ಟು ಹತ್ತಿರದಿಂದ ಒಬ್ಬರ ಕೈ ಹಿಡಿದು ಎಷ್ಟು ದಿನವಾಯಿತೆಂದು ಕಮಲಿನಿಗೆ ವಿಚಿತ್ರವೆನಿಸಿತು, ಮತ್ತು ಈ ಕೈಯೇ ಆ ದಯವಿಟ್ಟು ಎಂಬುದನ್ನು ಬರೆದಿರಬಹುದೆಂಬುದೂ ಹೊಳೆಯಿತು. ಅವಳು ತಲೆ ತಗ್ಗಿಸಿಕೊಂಡೇ ಬಳೆ ತೊಡಿಸಿ ಮುಗಿಸಿದಳು. ಚಿತ್ರಾನ್ನದ ಎಲೆಯ ಮುಂದೆ ಕೂತಾಗಲೂ, ಕೇಳುವುದಾದರೆ ಈಗಲೇ ಕೇಳಲಿ ಎನಿಸುತ್ತಿತ್ತು, ಕೇಳದೆ ಹೋದರೆ ಸಾಕು ಎಂದೂ ಎನಿಸುತ್ತಿತ್ತು.

ಊಟ ಮುಗಿದು ಹೆಂಗಸರು ಚದುರಿದ ಮೇಲೆ ಸರಿತಾ ಅವಳನ್ನು ಒಳಕೋಣೆಗೆ ಕರೆದು ಬಾಗಿಲು ಓರೆ ಮಾಡಿದಳು.

“ಅಕ್ಕ, ನೀವು ಆ ನಡಿಯೋ ಗೇಮ್ ಆಡ್ತೀರಲ್ಲ, ನಿಮ್ ಸ್ಟೇಟಸ್‌ನಾಗ ನೋಡ್ದೆ. ನಾನೂ ಆಡ್ತೀನಿ. ಒಂದು ಅನುಪ್ಪಿರ್ಕೇನ್... ಕಳ್ಸಿವ್ನಿ. ನಮ್ಮ ಒರೆಗಲ್ಲು.”

ಒರೆಗಲ್ಲು ಎಂದೇ ಅವಳು ಹೇಳಿದ್ದು. ಈ ಕಡೆಯವರ ಬಾಯಲ್ಲಿ ಹೊರೆ ಒರೆಯಾಗುವುದು ಗೊತ್ತಿದ್ದರೂ, ಚಿನ್ನವನ್ನು ಉಜ್ಜಿ ನೋಡುವ ಕಲ್ಲೇ ಕಮಲಿನಿಯ ಕಿವಿಗೆ ಮೊದಲು ಬಂತು. ಏನೂ ತಿಳಿಯದವಳಂತೆ, “ಯಾವ ಕಲ್ಲು?” ಎಂದಳು. ಕೇಳಿದ ಮೇಲೆ ಆ ಪ್ರಶ್ನೆಯನ್ನು ವಾಪಸು ತೆಗೆದುಕೊಳ್ಳಲು ಆಗಲಿಲ್ಲ.

“ನಿಮ್ ಚಿಕ್ಕವ್ವನ ಕಲ್ಲು ಅಕ್ಕ. ಗೊತ್ತಿಲ್ವಾ? ರೋಡ್ ಅಗ್ಲ ಮಾಡ್ತಾವ್ರೆ, ಕೆಂಪು ಪೇಂಟ್ ಆಕಿ ಓಗವ್ರೆ. ಮ್ಯಾಪ್‌ನಾಗ ಎಸ್ರು ಬಂದ್ಬುಟ್ರೆ ಕೀಳಾಕಿಲ್ಲ ಅಂತ ಅಪ್ಪಂಗೆ ಏಳಿವ್ನಿ.”

ಆಟದ ನಕ್ಷೆಗೂ ರಸ್ತೆಯವರಿಗೂ ಯಾವ ಸಂಬಂಧವೂ ಇಲ್ಲವೆಂದು ಹೇಳಬೇಕಿತ್ತು. “ಚಿಕ್ಕಪ್ಪ ನಂಬಿದ್ದಾರಾ?” ಎಂದಷ್ಟೇ ಕೇಳಿದಳು.

“ದಿನಾ ಕೇಳ್ತಾರೆ, ಬಂತಾ ಅಂತ. ನಾನ್ ಬಸ್ರಿ ಆದಾಗಿಂದ ಅಪ್ಪ ನನ್ ಮಕ ನೋಡಾಕಿಲ್ಲ ಅಕ್ಕ. ಎದ್ರು ಬಂದ್ರೆ ಅಂಗೇ ಎದ್ದು ಕಲ್ಲಿನ್ ತಾವ್ ಓಯ್ತಾರೆ. ಸಂಜೆಗಂಟ ಅಲ್ಲೇ. ಅವ್ವ ಬೈತಾಳೆ, ನೀನ್ ಆ ಕಲ್ಲಿನ್ ಕಡೆ ತಲೆ ಆಕ್ಬ್ಯಾಡ, ಬಸ್ರಿ ಎಂಗ್ಸು ಅಂತ.” ಸರಿತಾ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ನಕ್ಕಳು, ನಗು ನಡುವೆಯೇ ಬೇರೇನೋ ಆಯಿತು. “ನಂಗೂ ಬಯ್ಯಮಾ ಇರುಕ್ಕು ಅಕ್ಕ. ಎದ್ರಿಕೆ. ಆ ಎಸ್ರು ಎಲ್ಲಾದ್ರೂ ಒಂದ್ ಕಡೆ ಕೂತ್ಕೊಂಡ್ರೆ ಅಪ್ಪನೂ ಮನೇಗೆ ಬತ್ತಾರೇನೋ ಅಂತ.”

ಇದನ್ನೆಲ್ಲ ಆ ಎರಡು ಸಾಲಿನಲ್ಲಿ ಯಾರು ಬರೆಯುತ್ತಾರೆ? ಬರೆದರೂ ಹಾಲಿಟ್ಟು ನಿಂತವರು ಓದುತ್ತಾರೆಯೇ? ಕಮಲಿನಿಗೆ ಕೋಣೆಯ ಸೆಕೆ ತಡೆಯಲಾಗಲಿಲ್ಲ. ಸರಿತಾ ಫೋನು ತೆಗೆದು ತೋರಿಸಿದಳು. ಇನ್ನೂ ತೀರ್ಮಾನವಾಗಿಲ್ಲ ಎಂಬ ಹಳದಿ ಗುರುತು. ಅದೇ ಚಿತ್ರ. ಮೂಲೆ ಮುರಿದಿರುವುದು ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೆಂದರೆ ಅದನ್ನು ನೋಡದೆ ಇರುವುದು ಯಾರಿಗೂ ಸಾಧ್ಯವಿರಲಿಲ್ಲ.

“ಇದು ಪಾಸಾಗೋದಿಲ್ಲ,” ಎಂದಳು ಕಮಲಿನಿ.

“ಎಂಗ್ ಗೊತ್ತು ಅಕ್ಕ?”

“ಇಂಥವು ಆಗೋದಿಲ್ಲ. ಸತ್ತವರ ಹೆಸರು ಇರಬಾರದು. ಗೊತ್ತಿಲ್ಲದವರು ನೋಡ್ತಾರೆ, ಅವರಿಗೆ ನಿಯಮ ಮಾತ್ರ ಕಾಣತ್ತೆ.” ತನ್ನ ಧ್ವನಿ ಇಷ್ಟು ಖಚಿತವಾಗಿ ಕೇಳಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. “ಬೇರೆ ಬರೆದುಕೊಡ್ತೀನಿ. ಹಳೇ ಕಾಲದ ಹೊರೆಗಲ್ಲು, ದಾರಿಹೋಕರಿಗೆ ಅಂತ. ಪರಂಪರೆ ಅಂತ. ಅಂಥದಕ್ಕೆ ಕೊಡ್ತಾರೆ.”

ಸರಿತಾ ಆ ಹಳದಿ ಗುರುತಿನ ಮೇಲೆ ಬೆರಳಾಡಿಸಿದಳು. “ಎಸ್ರು ತೆಗ್ದ್‌ಬುಟ್ರೆ ಇನ್ನೇನೈತೆ ಅಕ್ಕ ಅದ್ರಾಗ?” ಎಂದಳು. ಆಮೇಲೆ, ತಿಳಿದವರ ಮುಂದೆ ಹೆಚ್ಚು ಮಾತಾಡಿದೆನೇನೋ ಎಂಬಂತೆ, “ಸರಿ ಅಕ್ಕ. ನಿಮಗ್ ಗೊತ್ತಿರ್ತೈತೆ” ಎಂದು ಎದ್ದಳು.

ಹೊಸ ಚಿತ್ರ ಬೇಕಿತ್ತು. ಗಂಗಾಲಕ್ಷ್ಮಿ ಪಾತ್ರೆ ತೊಳೆಸುತ್ತಿದ್ದ ಹೊತ್ತಿನಲ್ಲಿ ಇಬ್ಬರೂ ಹಿತ್ತಲ ಬೇಲಿ ದಾಟಿ ರಾಗಿ ಹೊಲದ ಬದುವಿನ ಮೇಲೆ ನಡೆದರು. ಸರಿತಾಳ ಬಳೆಗಳು ಹೆಜ್ಜೆಗೊಮ್ಮೆ ಸದ್ದು ಮಾಡುತ್ತಿದ್ದವು. ಬದುವಿನ ಕೊನೆಗೆ ಬಂದಾಗ ಅವಳು ನಿಂತು, “ನಾನ್ ಇಲ್ಲೇ ಇರ್ತೀನಿ ಅಕ್ಕ, ಅವ್ವನ್ ಮಾತೂ ಒಂದ್ ಇರ್ಲಿ” ಎಂದು ಬೇಲದ ಮರದ ನೆರಳಿಗೆ ಸರಿದಳು. ಕಮಲಿನಿ ಒಬ್ಬಳೇ ಮುಂದೆ ಹೋದಳು. ಹೊಗೆನಕಲ್ಲಿನ ಕಡೆ ಹೋಗುವ ಟಾರು ರಸ್ತೆ, ಆಚೆ ಹುಣಸೆಮರ, ಅದರ ಪಕ್ಕ ಅದು. ನೆನಪಿನಲ್ಲಿದ್ದುದಕ್ಕಿಂತ ಚಿಕ್ಕದಾಗಿತ್ತು. ನಿಂತ ಕಲ್ಲೊಂದರ ಮೇಲೆ ಕೆಂಪು ಬಣ್ಣದ ಗೀಟು, ಇನ್ನೂ ಹೊಸದು. ಸಿದ್ದಪ್ಪ ಬೇರಿನ ಮೇಲೆ ಕೂತು ಮೇಕೆಗಳನ್ನು ನೋಡುತ್ತಿದ್ದ. ಮಗಳ ಶಾಸ್ತ್ರಕ್ಕೆಂದು ಉಟ್ಟ ಬಿಳಿ ವೇಷ್ಟಿಗೆ ಅಲ್ಲಲ್ಲಿ ಧೂಳು ಹತ್ತಿತ್ತು. ಒಂದು ಕಾಲದಲ್ಲಿ ಹೊಗೆನಕಲ್ಲಿನಲ್ಲಿ ಪರಿಸಲು ಹಾಕುತ್ತಿದ್ದವನು, ಬುಟ್ಟಿಯಂಥ ಆ ದೋಣಿಯನ್ನು ಸುಳಿಯೊಳಗೂ ಒಂದೇ ಹುಟ್ಟಿನಲ್ಲಿ ತಿರುಗಿಸುತ್ತಿದ್ದವನು ಎಂದು ಅಮ್ಮ ಹೇಳುತ್ತಿದ್ದಳು. ಭುಜಗಳು ಈಗಲೂ ಅಗಲವಾಗಿಯೇ ಇದ್ದವು.

“ನಾರಾಯಣಮ್ಮನ್ ಮಗ್ಳಲ್ವಾ?” ಎಂದ. “ಬಾ ಕೂತ್ಕೊ. ಬಳೆ ಆಕಿದ್ಯಾ ಅವ್ಳಿಗೆ?”

“ಹಾಕಿದೆ ಚಿಕ್ಕಪ್ಪ.”

“ಅಳ್ತಿದ್ಲಾ?”

“ಇಲ್ಲ. ನಗ್ತಿದ್ಳು.”

ಅವನು ಬೇಲದ ಮರದ ಕಡೆ ನೋಡಲಿಲ್ಲ; ನೋಡುವುದಿಲ್ಲವೆಂದು ತೀರ್ಮಾನಿಸಿದ ಕತ್ತು ಹಾಗೆ ಗಟ್ಟಿಯಾಗಿತ್ತು. ಕಮಲಿನಿ ಫೋನು ಹಿಡಿದು ಕೆಂಪು ಗೀಟು ಕಾಣದ ಕಡೆಯಿಂದ ಚಿತ್ರ ತೆಗೆಯಲು ಸುತ್ತು ಬಂದಳು. ಹಿಂದಿನಿಂದ ಅವನ ಮಾತು ಕೇಳಿಸುತ್ತಿತ್ತು, ತನಗೇ ಹೇಳಿಕೊಳ್ಳುವಂತೆ. “ನೀರ್ ಬಂದ್‌ಬುಡ್ತು ಆವತ್ತು. ಆಚೆ ದಡ್ದಾಗ ಸಿಕ್ಕೊಂಡೆ. ಈ ದಡ ಕಾಣ್ತಿತ್ತು, ಬರಾಕಾಗ್ಲಿಲ್ಲ. ಊರೋರು ಅವ್ಳ್ನ ಮಂಚ್ದಾಗ ಮಲಗ್ಸ್ಕೊಂಡು ಪೆನ್ನಾಗರಂ ಆಸ್ಪತ್ರೆಗೆ ಒತ್ಕೊಂಡು ಬಂದವ್ರೆ. ಇಲ್ಲಿಗ್ ಬರೋವಾಗ ಆಗೋಗೈತೆ. ಇಲ್ಲೇ ಮಂಚ ಇಳ್ಸವ್ರೆ. ಅದುಕ್ಕೇ ಇಲ್ಲಿ ನಿಲ್ಸಿದ್ದು. ಅವ್ಳ್ ಒರೆ ಇಳೀಲಿಲ್ಲ, ಬ್ಯಾರೇರ್ದಾದ್ರೂ ಇಳೀಲಿ ಅಂತ.” ಚಿತ್ರದ ಚೌಕಟ್ಟಿನೊಳಗೆ ಅವನ ಮೊಣಕಾಲು ಬರುತ್ತಿತ್ತು. ಮನುಷ್ಯರು ಕಾಣಬಾರದು, ಅದೂ ನಿಯಮ. ಸ್ವಲ್ಪ ಸರಿಯಿರಿ ಎಂದು ಹೇಳಲು ಬಾಯಿ ಬರದೆ ಅವಳೇ ಮುಳ್ಳಿನ ಗಿಡದೊಳಗೆ ಹಿಂದೆ ಹಿಂದೆ ಸರಿದಳು.

“ಆ ಪೋನ್ನಾಗ ಯಾರೋ ಕೂತ್ಕೊಂಡು ಬೇಕು ಬ್ಯಾಡ ಅಂತಾರಂತೆ,” ಎಂದ ಸಿದ್ದಪ್ಪ. “ಮಗ ಏಳ್ತು. ಗೌರ್ಮೆಂಟ್‌ನೋರಾ?”

“ಅಲ್ಲ ಚಿಕ್ಕಪ್ಪ. ಯಾರೋ ಜನ. ನನ್ನಂಥವರೇ.”

“ನಿನ್ನಂತೋರಾ?” ಅವನು ಮೊದಲ ಸಲ ತಿರುಗಿ ಅವಳನ್ನು ನೆಟ್ಟಗೆ ನೋಡಿದ. ಮುಖದ ತುಂಬ ಒಂದು ಬಗೆಯ ನಿರಾಳ ಹರಡಿತು. “ನಿನ್ನಂತೋರಾದ್ರೆ ಬ್ಯಾಡ ಅನ್ನಾಕಿಲ್ಲ ಬುಡು.”

ಆಗ ಹೇಳಬಹುದಿತ್ತು. ಮೂರು ಮಾತಿನ ಕೆಲಸ. ಹೇಳಿದರೆ ಏನಾಗುತ್ತಿತ್ತು? ಅವನಿಗೆ ಅರ್ಥವಾಗುವಂತೆ ಹೇಗೆ ಹೇಳುವುದು, ಗುರುತು ಸಿಗಲಿಲ್ಲ ಎಂದೇ, ಸಿಕ್ಕಿತು ಆದರೂ ಎಂದೇ? ಯಾವುದು ನಿಜವೆಂದು ತನಗೇ ತಿಳಿಯದ್ದನ್ನು ಇನ್ನೊಬ್ಬರ ಮುಂದೆ ಒಪ್ಪಿಕೊಳ್ಳುವುದಾದರೂ ಹೇಗೆ. ಮುಳ್ಳೊಂದು ಸೀರೆಯ ಅಂಚಿಗೆ ಸಿಕ್ಕಿತ್ತು. ಅದನ್ನು ಬಿಡಿಸಿಕೊಳ್ಳುವ ನೆಪದಲ್ಲಿ ಅವಳು ಬಹಳ ಹೊತ್ತು ಬಗ್ಗಿಯೇ ಇದ್ದಳು. ಬಿಡಿಸಿಕೊಂಡು ನೆಟ್ಟಗಾದಾಗ ಸಿದ್ದಪ್ಪ ಮೇಕೆಯನ್ನು ಗದರುತ್ತಿದ್ದ. ಮಾತು ಕೈತಪ್ಪಿ ಹೋಗಿತ್ತು.

ಬೇಲದ ಮರದ ಕೆಳಗೆ ಕೂತು ಅವಳು ಸರಿತಾಳ ಫೋನಿನಲ್ಲಿ ಬರೆದುಕೊಟ್ಟಳು. ಅಚ್ಚುಕಟ್ಟಾದ ತಮಿಳಿನಲ್ಲಿ, ಈ ಭಾಗದ ಪರಂಪರೆಯ ಹೊರೆಗಲ್ಲು, ಕಾಲ್ನಡಿಗೆಯವರ ಕಾಲವನ್ನು ನೆನಪಿಸುವಂಥದ್ದು, ಊರಿನ ಹಿರಿಯರು ಇಲ್ಲಿ ಸೇರುತ್ತಾರೆ. ಹಿರಿಯರು ಎಂದು ಬರೆಯುವಾಗ ಕಣ್ಣು ತಾನಾಗಿ ಆ ಕಡೆ ಹೋಯಿತು, ಸೇರಿದ್ದವನು ಒಬ್ಬನೇ. ಮುನಿಲಕ್ಷ್ಮಿಯ ಮುನಿ ಕೂಡ ಎಲ್ಲೂ ಇರಲಿಲ್ಲ. ಓದಿ ನೋಡಿ ಸರಿತಾ, “ಸೂಪರ್ ಅಕ್ಕ, ಟೀವಿನಾಗ್ ಏಳ್ದಂಗೈತೆ” ಎಂದು ಕಳಿಸುವ ಗುಂಡಿಯನ್ನು ತಾನೇ ಒತ್ತಿದಳು. ಆಮೇಲೆ ಬಳೆಗಳನ್ನು ಹಿಂದಕ್ಕೆ ಸರಿಸಿಕೊಂಡು, ಸಣ್ಣ ದನಿಯಲ್ಲಿ, “ಅಪ್ಪಂಗೆ ಏಳ್ಬ್ಯಾಡಿ ಅಕ್ಕ, ಎಸ್ರು ತೆಗ್ದಿವಿ ಅಂತ” ಎಂದಳು. ಕಮಲಿನಿ ಹೂಂ ಎಂದಳು. ಈಗ ಇಬ್ಬರೂ ಸೇರಿ ಮುಚ್ಚಿಟ್ಟಂತಾಯಿತಲ್ಲ, ಎಂದುಕೊಂಡಾಗ ಒಬ್ಬಳೇ ಹೊತ್ತದ್ದು ಹಗುರವಾದಂತೆ ಒಂದು ಕ್ಷಣ ಅನಿಸಿ, ಹಾಗೆ ಅನಿಸಿದ್ದಕ್ಕೆ ಹೇಸಿಗೆಯಾಯಿತು.

ಹಿಂತಿರುಗುವ ಬಸ್ಸಿನಲ್ಲಿ ಬಿಸಿಲು ಬಾಡಿತ್ತು. ಗಂಗಾಲಕ್ಷ್ಮಿ ಒಂದು ಚೀಲ ತುಂಬ ಹುಣಸೆಹಣ್ಣು ಕಟ್ಟಿಕೊಟ್ಟಿದ್ದಳು. ಕಾಲ ಬಳಿ ಇಟ್ಟ ಅದರ ಹುಳಿವಾಸನೆ ಮೇಲಕ್ಕೆ ಬರುತ್ತಿತ್ತು. ಪಕ್ಕದಲ್ಲಿ ಧರ್ಮಪುರಿಯಲ್ಲಿ ಹತ್ತಿದ ಹೆಂಗಸೊಬ್ಬಳು ಅವರೆಕಾಯಿ ಬಿಡಿಸುತ್ತ ಕೂತಿದ್ದಳು, ಮನೆಗೆ ಹೋಗುವ ಹೊತ್ತಿಗೆ ಕೆಲಸ ಮುಗಿದಿರಲೆಂದು ಇರಬೇಕು. ಕಮಲಿನಿ ಲೆಕ್ಕ ಹಾಕುತ್ತಿದ್ದಳು. ಮೊದಲನೆಯದು ಬಿದ್ದುಹೋಗುತ್ತದೆ, ಬೀಳಬೇಕಾದದ್ದೇ. ಎರಡನೆಯದು ಪಾಸಾಗುತ್ತದೆ. ಒಂದು ಹಸಿರು ಬಿಲ್ಲೆ ಬರುತ್ತದೆ, ಸಿದ್ದಪ್ಪನಿಗೆ ಬಿಲ್ಲೆ ತೋರಿಸಿದರೆ ಸಾಕು, ಅವನಿಗೆ ಓದಲು ಬಾರದು. ರಸ್ತೆಯವರು ಬಂದಾಗ ಬಂದರು. ಆಗ ಇನ್ನೇನಾದರೂ. ಎಲ್ಲವೂ ಹೇಗೋ ಒಂದು ಕಡೆ ನಿಲ್ಲುವಂತೆ ಕಂಡಿತು. ಅಷ್ಟರಲ್ಲಿ ಫೋನು ಬಂತು, ಸರಿತಾಳದು, ಹಿಂದೆ ಗಲಾಟೆ.

“ಅಕ್ಕ! ಪಾಸಾಗೋಯ್ತು! ಈಗ್ಲೇ ಬಂತು!”

“ಇಷ್ಟು ಬೇಗ? ಈಗ ತಾನೇ ಕಳಿಸಿದ್ದು...”

“ಅದಲ್ಲ ಅಕ್ಕ, ಮೊದಲ್ನೇದು! ಎಸ್ರಿರೋದು! ಮುನಿಲಕ್ಷ್ಮಿ ಕಲ್ಲು ಅಂತ ಅಂಗೇ ಬಂದೈತೆ, ಒಂದ್ ಅಕ್ಷರ ತೆಗ್ದಿಲ್ಲ. ಎಲ್ರೂ ಓಕೆ ಕೊಟ್‌ಬುಟ್ಟವ್ರೆ. ನೀವ್ ಬರ್ಕೊಟ್ಟಿದ್ದು ಬೇಕಾಗ್ಲೇ ಇಲ್ಲ ನೋಡಿ! ಬೇಜಾರ್ ಮಾಡ್ಕೋಬ್ಯಾಡಿ ಅಕ್ಕ.”

ಬೇಜಾರೇನಿಲ್ಲ ಎಂದಳೋ, ಅನ್ನಬೇಕೆಂದುಕೊಂಡಳೋ. ಎಲ್ಲರೂ ಎಂದರೆ ಯಾರು? ಈರೋಡಿನವರೋ, ನಾಮಕ್ಕಲ್ಲಿನವರೋ, ಮುನಿಲಕ್ಷ್ಮಿ ಎಂಬ ಹೆಸರನ್ನೇ ಕೇಳಿರದವರು, ತಮ್ಮ ತಮ್ಮ ಅಡುಗೆಮನೆಗಳಲ್ಲಿ, ಬಸ್ಸುಗಳಲ್ಲಿ, ಆ ದಯವಿಟ್ಟು ಎಂಬುದನ್ನು ಓದಿ ಇರಲಿ ಎಂದರು. ನಿಯಮ ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಇರಲಿ ಎಂದರು. ಇಷ್ಟು ಹೊತ್ತೂ ಅವಳು ಹೆದರಿದ್ದು ಯಾರಿಗೆ, ಆ ಕಲ್ಲೆದೆಯ ಅಪರಿಚಿತರು ಎಲ್ಲಿ? ಅವರಲ್ಲಿ ಒಬ್ಬಳು ಮಾತ್ರ ಸಿಕ್ಕಿದ್ದಳು. ಸಂತೋಷವೂ ಆಗಿತ್ತು, ನಿಜವಾದ ಸಂತೋಷವೇ. ಅದರ ಜೊತೆಗೇ, ತಾನು ಸೇರದ ಮದುವೆಯ ಊಟದ ಸದ್ದನ್ನು ಹೊರಗೆ ನಿಂತು ಕೇಳಿಸಿಕೊಳ್ಳುತ್ತಿರುವಂತೆ ಇತ್ತು.

“ಇರಿ, ಅಪ್ಪ ಮಾತಾಡ್ತಾರಂತೆ,” ಎಂದಳು ಸರಿತಾ. “ಮನೇಗ್ ಬಂದವ್ರೆ. ನನ್ ಪಕ್ಕದಾಗೇ ಕೂತ್ಕೊಂಡವ್ರೆ ಅಕ್ಕ.”

ಫೋನು ಕೈ ಬದಲಾಯಿಸಿತು. ಸಿದ್ದಪ್ಪ ಹೊಳೆಯ ಆಚೆಯ ದಡಕ್ಕೆ ಕೂಗುವವನಂತೆ ಕೂಗಿದ. “ಮಗಾ! ನಾನ್ ಏಳ್ಲಿಲ್ವಾ? ನಿನ್ನಂತೋರು ಬ್ಯಾಡ ಅನ್ನಾಕಿಲ್ಲ ಅಂತ. ಅವ್ರಿಗೆ ಏಳ್ಬುಡು, ಒಳ್ಳೆ ಮಕ್ಳು ಅಂತ. ನಾನ್ ಏಳ್ದೆ ಅಂತ ಏಳು.”

“ಹೇಳ್ತೀನಿ ಚಿಕ್ಕಪ್ಪ,” ಎಂದಳು ಕಮಲಿನಿ.

ಫೋನು ನಿಂತ ಮೇಲೆ ಅದರ ಮೇಲ್ತುದಿಯಲ್ಲಿ ಇನ್ನೊಂದು ಸೂಚನೆ ಬಂದು ಕೂತಿತ್ತು. ಈವತ್ತಿನ ನಿಮ್ಮ ಒಂದು ತೀರ್ಪು ಉಳಿದವರ ತೀರ್ಪಿಗೆ ಹೊಂದಲಿಲ್ಲ. ಅದನ್ನು ಎರಡು ಸಲ ಓದಿದಳು. ಪಕ್ಕದ ಹೆಂಗಸು ಕಾಯಿ ಬಿಡಿಸುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರು ಬಂದಿರುವುದು ಕಮಲಿನಿಗೆ ಅವಳ ನೋಟದಿಂದಲೇ ಗೊತ್ತಾಯಿತು.

“ಎನ್ನಮ್ಮಾ, ನಲ್ಲ ಸೇದಿಯಾ?” ಎಂದು ಕೇಳಿದಳು ಆ ಹೆಂಗಸು. ಒಳ್ಳೆಯ ಸುದ್ದಿಯಾ?

“ಆಮಾಂಗ,” ಎಂದಳು ಕಮಲಿನಿ. ಹೌದು. ಅಷ್ಟಕ್ಕೆ ಬಿಡಬಹುದಿತ್ತು. “ಎಂಗ ಚಿತ್ತಿ ಪೇರ್ ವಂದಿರುಕ್ಕು.” ನಮ್ಮ ಚಿಕ್ಕಮ್ಮನ ಹೆಸರು ಬಂದಿದೆ. ಪರೀಕ್ಷೆಯಲ್ಲಿ ಪಾಸಾದವರ ಬಗ್ಗೆ, ಮನೆ ಮಂಜೂರಾದವರ ಬಗ್ಗೆ ಹೇಳುವ ಹಾಗೆಯೇ ಮಾತು ಬಾಯಿಂದ ಬಂದುಬಿಟ್ಟಿತ್ತು.

ಹೆಂಗಸಿನ ಮುಖ ಅರಳಿತು. ಒಂದು ಹಿಡಿ ಅವರೆಕಾಯಿಯನ್ನು ತೆಗೆದು ಕಮಲಿನಿಯ ಮಡಿಲಿಗೆ ಹಾಕಿ, ಬಿಡಿಸು ಎಂಬಂತೆ ಕಣ್ಣು ಸನ್ನೆ ಮಾಡಿದಳು. ಬಿಡಿಸುತ್ತಲೇ ಸಹಜವಾಗಿ ಕೇಳಿದಳು, “ಚಿತ್ತಿ ಎಂಗ ಇರುಕ್ಕಾಂಗ?” ಚಿಕ್ಕಮ್ಮ ಎಲ್ಲಿದ್ದಾರೆ?

ಸಿಪ್ಪೆಯ ನಾರು ಕಮಲಿನಿಯ ಉಗುರಿನಡಿ ಸಿಕ್ಕಿಕೊಂಡಿತು. ಇಲ್ಲ ಎನ್ನುವ ಮಾತು ತಮಿಳಿನಲ್ಲೂ ಕನ್ನಡದಲ್ಲೂ ನಾಲಿಗೆಯ ತುದಿಗೆ ಬಂದು ನಿಂತಿತ್ತು.

“ಊರ್ಲ ತಾನ್ ಇರುಕ್ಕಾಂಗ,” ಎಂದಳು. “ರೋಡ್ ಓರಮಾ.” ಊರಲ್ಲೇ ಇದ್ದಾರೆ, ರಸ್ತೆಯ ಬದಿಯಲ್ಲಿ.

ಹೇಳಿ ಆದ ಮೇಲೆ, ಸುಳ್ಳು ಹೇಳಿದೆನೇ ಎಂದು ಯೋಚಿಸಿದಳು. ಹೌದೆಂದೂ ಅನಿಸಲಿಲ್ಲ, ಅಲ್ಲವೆಂದೂ ಅನಿಸಲಿಲ್ಲ. ಕಾಯಿಯನ್ನು ಒಡೆದು, ಒಳಗಿನ ಕಾಳುಗಳನ್ನು ಹೆಂಗಸಿನ ಚೀಲಕ್ಕೆ ಹಾಕಿದಳು.